ಸೌದೆ ಅಜ್ಜಿ ಮತ್ತು ಭಾವನ ಆನೆ

ಎಲ್ಲದಕ್ಕೂ ಕಾರಣ ಒಂದು ನೊಣ. ಅದೂ ನಿಜವಾದ ನೊಣವಲ್ಲ, ಭಾವ ಆಗಿದ್ದ ನೊಣ.

ಕನ್ನಡಕದಂಗಡಿಯವನು ವಾರವಿಡೀ ಆ ನೊಣವನ್ನು ನೆನೆದು ಕುದಿಯುತ್ತಿದ್ದ. ಗಿರಾಕಿಯ ಕಣ್ಣು ಪರೀಕ್ಷೆ ಮಾಡುವಾಗಲೂ ಕಟಕಟ ಹಲ್ಲು ಕಡಿದು, "ನನ್ನ ಕಣ್ಣು ಅಷ್ಟೊಂದು ಕೆಟ್ಟುಹೋಗಿದ್ಯಾ?" ಎಂದು ಒಬ್ಬ ಹಿರಿಯರು ಕುರ್ಚಿಯಲ್ಲೇ ಬೆವರುವಂತೆ ಮಾಡಿದ್ದ.

ಪ್ರತಿ ಭಾನುವಾರ ಅಂಗಡಿಯ ಹಿಂದಿನ ಕೋಣೆಯಲ್ಲಿ ಅವರ ಆಟ. ಕನ್ನಡಕದವನು ಕತೆ ಹೇಳುತ್ತಾನೆ: ಇಲ್ಲೊಂದು ಕೋಟೆ, ಅಲ್ಲೊಂದು ಗುಹೆ, ಗುಹೆಯಲ್ಲಿ ಡ್ರ್ಯಾಗನ್. ಉಳಿದ ಮೂವರು ಆ ಕತೆಯೊಳಗೆ ತಲಾ ಒಂದು ಪಾತ್ರವಾಗಿ, ತಾವು ಏನು ಮಾಡುತ್ತೇವೆಂದು ಹೇಳುತ್ತಾರೆ. ಆಯಿತೋ ಇಲ್ಲವೋ ಎನ್ನುವುದು ದಾಳ ಬಿದ್ದಂತೆ. ಶಾಲೆಯ ಡ್ರಿಲ್ ಟೀಚರ್ ಅದರಲ್ಲಿ ಕತ್ತಿ ಹಿಡಿದ ವೀರೆ. ಎದುರು ಸಾಲಿನಲ್ಲಿ ಬೀಗ ರಿಪೇರಿ ಮಾಡುವವನು ಇಲ್ಲಿ ಬೀಗ ಒಡೆಯುವ ಕಳ್ಳ. ಭಾವ, ಎಂದರೆ ಕನ್ನಡಕದವನ ಅಕ್ಕನ ಗಂಡ, ಬೇಕಾದ ಪ್ರಾಣಿಯಾಗಬಲ್ಲ ಮಾಯಾವಿ.

ಅಲ್ಲೇ ಬಂದದ್ದು ಗ್ರಹಚಾರ. ಬೇರೆಯವರು ಏಟು ತಿಂದರೆ ಸಾಯುತ್ತಾರೆ. ಭಾವ ಏಟು ತಿಂದರೆ ಅವನು ಆಗಿದ್ದ ಕರಡಿ ಸಾಯುತ್ತದೆ, ಒಳಗಿನಿಂದ ಭಾವ ಇಸ್ತ್ರಿ ಮಾಡಿದ ಅಂಗಿಯ ಹಾಗೆ ಹೊರಗೆ ಬಂದು, "ಈಗ ಹುಲಿ" ಅನ್ನುತ್ತಾನೆ. ಹುಲಿ ಸತ್ತರೆ ಮೊಸಳೆ. ಇದೆಲ್ಲಿಯ ನ್ಯಾಯ? ಹೋದ ವಾರವಂತೂ ನೊಣವಾಗಿ ಕೋಟೆಯ ಖಜಾನೆಯ ಕೀಲಿತೂತಿನಲ್ಲಿ ನುಗ್ಗಿದ. ಒಳಗೆ ಹೋದದ್ದೇ ಆನೆಯಾಗಿ ಕಾವಲುಗಾರರನ್ನೆಲ್ಲ ಹಪ್ಪಳ ಮಾಡಿದ. ಸಾಲದ್ದಕ್ಕೆ, "ಈ ರಾತ್ರಿ ಆನೆಯಾಗೇ ಬಾಗಿಲಿಗೊರಗಿ ಮಲಗ್ತೀನಿ, ಯಾವನು ಬರ್ತಾನೋ ನೋಡೋಣ" ಎಂದು ಆಕಳಿಸಿ ಎದ್ದುಹೋದ. ಕನ್ನಡಕದವನು ತಿಂಗಳುಗಟ್ಟಲೆ ಕಟ್ಟಿದ ಖಜಾನೆ ಟೀ ಆರುವುದರೊಳಗೆ ಖಾಲಿ.

ಆದರೆ ಇವತ್ತು ಹಾಗಾಗಕೂಡದು. ಇವತ್ತು ಕತೆಯ ಕೊನೆ. ಮೇಜಿನ ಕೆಳಗಿನ ಡಬ್ಬದಲ್ಲಿ ಅವನು ಯಾರಿಗೂ ತೋರಿಸದೆ ಕೈಯಾರೆ ಮಾಡಿದ ಡ್ರ್ಯಾಗನ್ ಇತ್ತು. ಹಳೆಯ ಕೊಡೆಯ ಬಟ್ಟೆಯ ರೆಕ್ಕೆ, ಮುರಿದ ಫ್ರೇಮುಗಳ ಬೆನ್ನುಮೂಳೆ, ಕೆಂಪು ಬಣ್ಣ ಬಳಿದ ದಪ್ಪ ಮಸೂರದ ಕಣ್ಣು. ಸಮಯ ಬಂದಾಗ ಅದನ್ನು ಎತ್ತಿ ಮೇಜಿನ ನಡುವೆ ಇಡಬೇಕು, ಮೂವರ ಬಾಯೂ ತೆರೆದದ್ದು ತೆರೆದಂತೆ ನಿಲ್ಲಬೇಕು. ಜೀವನದಲ್ಲಿ ಅವನಿಗೆ ಬೇಕಾಗಿದ್ದದ್ದು ಅದೊಂದೇ ಗಳಿಗೆ. ಅದನ್ನೂ ಈ ಭಾವ ನೊಣವಾಗಿ ನೆಕ್ಕಿಬಿಟ್ಟರೆ?

ಬೆಳಿಗ್ಗೆ ಎಲ್ಲರೂ ಕೂತದ್ದೇ ತಡ, ಕನ್ನಡಕದವನು ಕಣ್ಣು ಪರೀಕ್ಷೆಯ ಹಲಗೆ ತಿರುಗಿಸಿ ಹಿಂಬದಿಯಲ್ಲಿ ದೊಡ್ಡಕ್ಷರದಲ್ಲಿ ಬರೆದ: 'ರೂಪ ಬದಲಾವಣೆ ದಿನಕ್ಕೆ ಒಂದೇ ಸಲ.'

"ಏನಿದು?" ಎಂದ ಭಾವ.

"ನಮ್ಮ ಮನೆ ನಿಯಮ."

"ಆಟದ ಪುಸ್ತಕದಲ್ಲಿ ಇಲ್ವಲ್ಲ?"

"ಪುಸ್ತಕ ಬರೆದವರಿಗೆ ನಿಮ್ಮಂಥ ಭಾವ ಇರ್ಲಿಲ್ಲ."

"ಇದು ಅನ್ಯಾಯ ಕಣೋ! ಕತ್ತಿ ದಿನಕ್ಕೊಂದೇ ಸಲ ಬೀಸಿ ಅಂತ ಟೀಚರ್‌ಗೆ ಹೇಳ್ತೀಯಾ? ನನ್ನ ಕಂಡ್ರೆ ಮಾತ್ರ ನಿಂಗೆ ಹೊಟ್ಟೆ ಉರಿ!"

"ಸರಿಯಾಗೇ ಇದೆ ಬಿಡಣ್ಣ," ಎಂದ ಬೀಗದವನು. ಅವನಿಗೂ ಒಳಗೇ ಸಿಟ್ಟಿತ್ತು. "ನೀವು ಕೀಲಿತೂತಲ್ಲಿ ನೊಣ ಆಗಿ ಹೋಗೋದಾದ್ರೆ ನಾನ್ಯಾಕೆ ಇಲ್ಲಿ? ಬಾಗಿಲು ಕಾಯೋಕಾ?"

ಡ್ರಿಲ್ ಟೀಚರ್ ಭಾನುವಾರವೂ ಕೊರಳಲ್ಲಿ ಸೀಟಿ ಹಾಕಿಕೊಂಡಿರುತ್ತಿದ್ದರು. "ನಂದೇನೂ ಅಭ್ಯಂತರ ಇಲ್ಲ. ಆದ್ರೆ ಒಂದ್ಮಾತು. ನಿಯಮ ಅಂದ್ಮೇಲೆ ಎರಡೂ ಕಡೆಗೂ ಒಂದೇ. ನಾಳೆ ನಿಮ್ಮ ಕಡೆ ರಾಕ್ಷಸ ಗಿಕ್ಷಸ ರೂಪ ಬದಲಾಯ್ಸಿದ್ರೆ ಅವ್ನಿಗೂ ಅದೇ."

"ಧಾರಾಳವಾಗಿ!" ಎಂದು ಕನ್ನಡಕದವನು ಬರೆದುಬಿಟ್ಟ. ಭಾವನನ್ನು ಕಟ್ಟಿಹಾಕುವ ಸಂಭ್ರಮದಲ್ಲಿ ಅವನ ತಲೆ ಅಲ್ಲಿಗೇ ನಿಂತಿತ್ತು.

ಅಷ್ಟರಲ್ಲಿ ಮಹಡಿಯಿಂದ ಟೀ ತಂದ ಅಕ್ಕ ತಟ್ಟೆ ಕುಕ್ಕಿದಳು. "ಏನದು, ಮನೆ ನಿಯಮ? ಮನೆ ಯಾರದು? ನನ್ನದು. ನನ್ನ ಕೇಳಿದ್ರಾ?"

"ಆಟದ ನಿಯಮ ಕಣಕ್ಕಾ."

"ಯಾವುದಾದ್ರೂ ಆಗ್ಲಿ. ಇವರು ಪ್ರತಿ ಭಾನುವಾರ ಕತ್ತಲಾದ್ಮೇಲೆ ಮಹಡಿ ಹತ್ತಿ ಬಂದು, 'ನಾನಿನ್ನೂ ಹದ್ದಿನ ಗುಂಗಲ್ಲಿದೀನಿ' ಅಂತ ಊಟಕ್ಕೆ ಕೂರ್ತಾರೆ. ಸಾಕಾಗಿದೆ ನಂಗೆ. ಸೂರ್ಯ ಮುಳುಗೋದ್ರೊಳಗೆ ಮನುಷ್ಯರಾಗಿ ವಾಪಸ್ ಬರ್ಬೇಕು. ಬರ್ಲಿಲ್ವಾ, ಯಾವ ಅವತಾರದಲ್ಲಿದ್ದಾರೋ ಅದ್ರಲ್ಲೇ ಜೀವಮಾನ ಬಿದ್ದಿರ್ಲಿ! ಬರಿಯೋ!"

ಕನ್ನಡಕದವನ ಮುಖ ಅರಳಿತು. ಒಡಹುಟ್ಟಿದವಳೆಂದರೆ ಹೀಗಿರಬೇಕು! ಬರೆದ. ಬರೆಯುತ್ತಿದ್ದಂತೆ ಅವನಿಗೆ ಇನ್ನೊಂದು ಹೊಳೆಯಿತು. "ಈ ನಿಯಮ ಹಿಂದೆ ಆಗಿಹೋದದ್ದಕ್ಕೂ ಅನ್ವಯ" ಎಂದು ಸೇರಿಸಿದ. "ಎಲ್ಲರೂ ಒಪ್ಪಿದರೆ ಮಾತ್ರ ತೆಗೆಯಬಹುದು" ಎಂದು ಅದರ ಕೆಳಗೆ. ಅಭ್ಯಾಸಬಲದಿಂದ ಅಕ್ಷರ ಸಾಲಿನಿಂದ ಸಾಲಿಗೆ ಸಣ್ಣದಾಗುತ್ತಾ ಹೋಗಿತ್ತು. ಕೊನೆಯ ಸಾಲನ್ನು ಭಾವ ಕಣ್ಣು ಕಿರಿದು ಮಾಡಿ ಓದುವಷ್ಟರಲ್ಲಿ ಉಳಿದವರೆಲ್ಲ ಕೈ ಎತ್ತಿಯಾಗಿತ್ತು.

"ಹಾಗಾದ್ರೆ ಭಾವ," ಎಂದ ಕನ್ನಡಕದವನು, ಜೇನು ಸವರಿದ ದನಿಯಲ್ಲಿ. "ಹೋದ ವಾರ ರಾತ್ರಿಯೆಲ್ಲ ಆನೆಯಾಗಿ ಮಲಗಿದ್ರಿ. ಸೂರ್ಯ ಮುಳುಗಿತ್ತು. ಇನ್ನು ನೀವು ಆನೆ. ಪರ್ಮನೆಂಟು."

"ಏನಂದೆ? ಲೋ, ನಿನಗೆ ಅಂಗಡಿಗೆ ಜಾಗ ಕೊಟ್ಟಿದ್ದು ಇದಕ್ಕಾ?"

"ಆನೆ ಮಾತಾಡಲ್ಲ ಭಾವ."

ಭಾವನ ಮುಖ ಕೆಂಡವಾಯಿತು. ಬಾಯಿ ತೆರೆದ, ಮುಚ್ಚಿದ. ಕೈ ಕಟ್ಟಿ ಕೂತವನು ಮತ್ತೆ ತುಟಿ ಎರಡು ಮಾಡಲಿಲ್ಲ. "ಇನ್ನೊಂದ್ಲೋಟ ಟೀ ಬೇಕಾ?" ಎಂದು ಅಕ್ಕ ಕೇಳಿದರೂ ಆನೆಯ ಹಾಗೆ ತಲೆ ಅಲ್ಲಾಡಿಸಿದ. ಹಟ ಅಂದರೆ ಹಟ.

ಆಟ ಶುರುವಾಯಿತು. ಆಹಾ, ಎಂಥ ಆಟ! ಆನೆ ಖಜಾನೆಯಿಂದ ಹೊರಬರಲು ಬೀಗದವನೇ ಬೀಗ ತೆಗೆಯಬೇಕಾಯಿತು. ಅವನ ಎದೆ ಉಬ್ಬಿತು. ಮೆಟ್ಟಿಲಲ್ಲಿ ಆನೆ ಸಿಕ್ಕಿಕೊಂಡಿತು, ಹಿಂದಿನಿಂದ ನೂಕಲು ಹೋಗಿ ಡ್ರಿಲ್ ಟೀಚರ್ ಕತ್ತಿ ಮುರಿದುಕೊಂಡರು. ತೂಗುಸೇತುವೆ ಆನೆಯ ಮೊದಲ ಹೆಜ್ಜೆಗೇ ಕಿತ್ತುಬಂತು. ಪ್ರತಿ ಸಲವೂ ಕನ್ನಡಕದವನು, "ನೊಣ ಆಗಿದ್ರೆ ಚೆನ್ನಾಗಿತ್ತು, ಏನ್ಮಾಡೋದು, ನಿಯಮ" ಎಂದು ಗಾಯದ ಮೇಲೆ ಉಪ್ಪು ಸವರುತ್ತಿದ್ದ. ಭಾವ ಮೂಗಿನಲ್ಲಿ ಬುಸುಗುಟ್ಟುತ್ತಿದ್ದ.

ಈ ಪಾಡಿನಲ್ಲಿ ಅವರಿಗೆ ಆಸರೆ ಸೌದೆ ಅಜ್ಜಿ ಒಬ್ಬಳೇ. ಕತೆಯ ಮೊದಲ ವಾರದಿಂದಲೂ ಕೋಟೆಯ ಬಾಗಿಲಲ್ಲಿ ಸೌದೆ ಮಾರುತ್ತಿದ್ದ ಮುದುಕಿ ಅವಳು. "ಮೂರು ವರ್ಷದಿಂದ ಇಲ್ಲೇ ಇದೀನಿ ಮಕ್ಕಳಾ" ಎಂದು ಕನ್ನಡಕದವನು ಅವಳ ಪರವಾಗಿ ನಡುಗುವ ದನಿ ತೆಗೆಯುತ್ತಿದ್ದ. ಎಂಥ ಮಳೆಯಲ್ಲೂ ಅವಳ ಸೌದೆ ಧಗ್ಗನೆ ಹೊತ್ತಿಕೊಳ್ಳುತ್ತಿತ್ತು. ಎಲ್ಲರಿಗೂ ಅವಳೆಂದರೆ ಇಷ್ಟ. ಇವತ್ತು ಆನೆಗೆ ಕಾಲು ಉಳುಕಿದಾಗ ಅವಳೇ ಎಣ್ಣೆ ತಿಕ್ಕಿದಳು. ಸೇತುವೆಯಿಲ್ಲದ ಹೊಳೆಗೆ ಬಳಸುದಾರಿ ತೋರಿಸಿದಳು. ಕೊನೆಗೆ ಸೌದೆಯ ಪಂಜು ಹಿಡಿದು ಡ್ರ್ಯಾಗನ್ನಿನ ಗುಹೆಯೊಳಗೂ ಜೊತೆಗೆ ಬಂದಳು.

"ಗುಹೆ ಖಾಲಿ," ಎಂದ ಕನ್ನಡಕದವನು.

"ಖಾಲೀನಾ? ಡ್ರ್ಯಾಗನ್ ಎಲ್ಲಿ?" ಎಂದ ಬೀಗದವನು.

ಬಂತು. ಅವನು ಕಾದಿದ್ದ ಗಳಿಗೆ ಬಂತು. ಕನ್ನಡಕದವನು ದೀಪ ಆರಿಸಿ ಕಿಟಕಿಯ ಪರದೆ ಎಳೆದ. ಖಾಲಿ ಲೋಟ ಎತ್ತಿಕೊಳ್ಳಲು ಬಂದ ಅಕ್ಕ ಹಾಗೇ ಬಾಗಿಲಲ್ಲಿ ನಿಂತಳು. ಅವನ ಒಂದು ಕೈ ಮೆಲ್ಲಗೆ ಮೇಜಿನ ಕೆಳಗಿನ ಡಬ್ಬಕ್ಕೆ ಇಳಿಯಿತು.

"ಅಜ್ಜಿ ಪಂಜು ಕೆಳಗಿಡ್ತಾಳೆ. ನಗ್ತಾಳೆ. ಅವಳ ಕಣ್ಣು ಕೆಂಪಾಗತ್ತೆ. 'ಮೂರು ವರ್ಷದಿಂದ ನಿಮ್ಮ ಜೊತೆಗೇ ಇದ್ದೆ, ಮೂರ್ಖರಾ. ನಾನೇ ಆ ಡ್ರ್ಯಾಗನ್! ಈಗ ನೋಡಿ ನನ್ನ ನಿಜ ರೂಪ—'"

ಪೀ...ಪ್!

ಡ್ರಿಲ್ ಟೀಚರ್ ಸೀಟಿ ಊದಿದ್ದರು. "ನಿಲ್ಸಿ, ನಿಲ್ಸಿ. ಅಂದ್ರೆ ಅಜ್ಜಿ ರೂಪ ಬದಲಾಯ್ಸಿದ ಡ್ರ್ಯಾಗನ್ನಾ?"

"ಹೌದು! ಎಂಥಾ ತಿರುವು, ಅಲ್ವಾ?" ಡಬ್ಬದ ಮುಚ್ಚಳ ತೆರೆದಿತ್ತು.

"ಮೂರು ವರ್ಷದಿಂದ?"

"ಹೌ..." ಕನ್ನಡಕದವನ ಕೈ ಡಬ್ಬದಲ್ಲೇ ನಿಂತಿತು.

"ಈ ಮೂರು ವರ್ಷದಲ್ಲಿ ಸೂರ್ಯ ಮುಳುಗಲೇ ಇಲ್ವಾ?"

ಬೀಗದವನು ಎದ್ದು, ಪರದೆ ಸರಿಸಿ, ಹಲಗೆಯ ಹತ್ತಿರ ಹೋಗಿ ಒಂದೊಂದೇ ಸಾಲು ಗಟ್ಟಿಯಾಗಿ ಓದಿದ. ಎರಡೂ ಕಡೆಗೂ ಒಂದೇ. ಸೂರ್ಯ ಮುಳುಗಿದರೆ ಅದೇ ರೂಪ. ಹಿಂದೆ ಆಗಿಹೋದದ್ದಕ್ಕೂ ಅನ್ವಯ.

"ಅಣ್ಣಾ, ಹಾಗಾದ್ರೆ ಇವಳು ಬರೀ ಅಜ್ಜಿ. ಪರ್ಮನೆಂಟು."

"ಅದು ಹೇಗಾಗತ್ತೆ? ಅದು ಡ್ರ್ಯಾಗನ್ ರೀ! ಸಾವಿರ ವರ್ಷದ ಡ್ರ್ಯಾಗನ್! ಇದು ಭಾವಂಗೆ ಅಂತ ಮಾಡಿದ ನಿಯಮ!"

"ಹಾಗಂತ ಎಲ್ಲೂ ಬರ್ದಿಲ್ಲ," ಎಂದರು ಟೀಚರ್.

"ನನ್ನ ನಿಯಮಕ್ಕೇನಾದ್ರೂ ಕೈ ಹಚ್ಚಿದ್ಯೋ, ನಾಳೆಯಿಂದ ನಿನ್ನ ಅಂಗಡಿ ಬೀದೀಲಿ," ಎಂದಳು ಬಾಗಿಲಿಂದ ಅಕ್ಕ. "ಪಾಪ, ಮುದುಕಿ. ಅವಳನ್ನ ಹಾಗೇ ಬಿಡಿ."

ಅಕ್ಕ ಆಟದಲ್ಲಿಲ್ಲವಲ್ಲ ಎಂದು ಕನ್ನಡಕದವನು ಅವಳ ಮಾತು ಕಿವಿಗೆ ಹಾಕಿಕೊಳ್ಳದೆ ಕೊನೆಯ ಸಣ್ಣ ಸಾಲಿಗೆ ಜೋತುಬಿದ್ದ. ಎಲ್ಲರೂ ಒಪ್ಪಿದರೆ ತೆಗೆಯಬಹುದು! ಟೀಚರನ್ನು ಬೇಡಿಕೊಂಡ. ನಿಯಮ ತೆಗೆಯುವುದೂ ನಿಯಮದ ಪ್ರಕಾರವೇ ಎಂದು ಅವರು ಕೈ ಎತ್ತಿದರು. ಡ್ರ್ಯಾಗನ್ ನೋಡುವ ಆಸೆಗೆ ಬೀಗದವನೂ ಎತ್ತಿದ. ಉಳಿದವನು ಭಾವ. ಭಾವ ಒಪ್ಪದೆ ಏನು ಮಾಡುತ್ತಾನೆ? ನಿಯಮ ಹೋದರೆ ಅವನಿಗೂ ಬಿಡುಗಡೆ!

"ಭಾವ, ಬೆಳಿಗ್ಗೆ ನನ್ನಿಂದ ತಪ್ಪಾಯ್ತು. ಒಪ್ಕೊಳ್ಳಿ. ನೀವು ಮತ್ತೆ ಮನುಷ್ಯ ಆಗ್ತೀರಿ! ನೊಣ ಆಗಿ, ಹದ್ದಾಗಿ, ಏನು ಬೇಕಾದ್ರೂ ಆಗಿ, ದಿನಕ್ಕೆ ನೂರು ಸಲ ಆಗಿ!"

ಭಾವ ಅವನನ್ನು ನೋಡಿದ. ಡಬ್ಬದೊಳಗಿಂದ ಇಣುಕುತ್ತಿದ್ದ ಕೆಂಪು ಕಣ್ಣನ್ನು ನೋಡಿದ.

"ಮಾತಾಡಿ ಭಾವ! ಈಗ ಮಾತಾಡ್ಬಹುದು!"

ಆನೆ ಮಾತಾಡಲಿಲ್ಲ. ಬಲಗೈಯನ್ನು ಸೊಂಡಿಲಿನ ಹಾಗೆ ಮೂಗಿನ ಮುಂದೆ ಚಾಚಿ, ನಿಧಾನವಾಗಿ ಎಡಕ್ಕೂ ಬಲಕ್ಕೂ ಅಲ್ಲಾಡಿಸಿತು.

"ಒಪ್ಪಿಗೆ ಇಲ್ಲ," ಎಂದು ಟೀಚರ್ ಸೀಟಿ ಊದಿದರು.

ಅಜ್ಜಿಯನ್ನು ಗುಹೆಯಲ್ಲಿ ಒಂಟಿಯಾಗಿ ಬಿಡುವುದು ಪಾಪ, ಇನ್ನು ಮುಂದೆ ಪ್ರತಿ ಭಾನುವಾರವೂ ಜೊತೆಗೇ ಕರೆದೊಯ್ಯಬೇಕು ಎಂದು ತೀರ್ಮಾನವಾಯಿತು. ಆನೆಯೊಂದು ಇದ್ದೇ ಇತ್ತಲ್ಲ. ಭಾವ ಕುರ್ಚಿಯಿಂದಿಳಿದು, ಬಹಳ ಮರ್ಯಾದೆಯಿಂದ ನೆಲದ ಮೇಲೆ ಮಂಡಿಯೂರಿ, ಸೊಂಡಿಲು ತಗ್ಗಿಸಿದ.

"ಹತ್ತಿ ಅಜ್ಜಿ," ಎಂದ ಬೀಗದವನು.

ಕನ್ನಡಕದವನು ಡಬ್ಬದ ಮುಚ್ಚಳ ಹಾಕಿದ. ನಡುಗುವ ದನಿಯನ್ನು ಈ ಸಲ ಅವನು ಕಷ್ಟಪಟ್ಟು ತೆಗೆಯಬೇಕಾಗಲಿಲ್ಲ.

"ನಿಧಾನ ಕಣಪ್ಪಾ," ಎಂದ. "ಸೊಂಟ ನೋವು."