ಮುನಿರಾಜು ಮೂಗಿಗೆ ಬಲೂನು

"ಈ ಮೂಗೊಂದು ರಿಪೇರಿ ಆಗ್ಲಿ, ಒಂದು ತೊಟ್ಟು ಉಳಿ ಆಲು ಡೇರಿ ಬಾಗ್ಲು ದಾಟಿದ್ರೆ ನನ್ನೆಸ್ರು ಮುನಿರಾಜು ಅಲ್ಲ!" ಎಂದು ಹೆಂಡತಿ ಎದುರು ಮೀಸೆ ತಿರುವಿ ಶಪಥ ಮಾಡಿದವನು, ಶಪಥ ಮುಗಿಯುತ್ತಿದ್ದಂತೆ ಏಳು ಸಲ ಸೀನಿದ.

"ಮೊದ್ಲು ಆ ಮಫ್ಲರ್ ಬಿಚ್ಚು, ನೆನೆಯಾಕ್ತೀನಿ," ಎಂದಳು ಶ್ಯಾಮಲ.

"ತೇವ ತಾಕಿದ್ರೆ ಸೈನಸ್ ನೆತ್ತಿಗೇರ್ತದೆ ಕಣೆ!"

ಸೈನಸ್ ಬಂದು ಎಂಟು ವರ್ಷ. ಅಂದು ಕತ್ತಿಗೆ ಸುತ್ತಿದ ಮಫ್ಲರ್ ನೀರು ಕಂಡಿರಲಿಲ್ಲ.

ಮುನಿರಾಜು ಬಂಗಾರಪೇಟೆ ಪಕ್ಕದ ಹಳ್ಳಿಯ ಹಾಲಿನ ಡೇರಿಯಲ್ಲಿ ಟೆಸ್ಟರು. ಹಾಲಿಗೆ ನೀರು ಬೆರೆಸಿದ್ದನ್ನು ಲ್ಯಾಕ್ಟೋಮೀಟರ್ ಹೇಳುತ್ತೆ. ಹುಳಿ ಹಿಡಿದದ್ದನ್ನು ಹೇಳಬೇಕಾದ್ದು ಟೆಸ್ಟರ್ ಮೂಗು! ಕ್ಯಾನಿನ ಮುಚ್ಚಳ ತೆಗೆದು ಮೂಸಿ, "ಊಂ, ಸುರಿ" ಅಂದರೆ ಹಾಲು ಪಾಸು. "ವಾಪಸ್" ಅಂದರೆ ಮುಗೀತು, ದೇವರೇ ಬಂದರೂ ಅಪೀಲಿಲ್ಲ!

ಆದರೆ ನಿಮ್ಮ ಕಿವಿಯಲ್ಲಿ ಹೇಳ್ತೀನಿ, ಆ ಮೂಗಿಗೆ ಎಂಟು ವರ್ಷದಿಂದ ಯಾವ ವಾಸನೆಯೂ ಇಲ್ಲ. ಮತ್ತೆ ತೀರ್ಪು? ಮೂಸುವ ನಾಟಕ ಆಡಿ, ಹಾಲು ತಂದವರ ಮುಖ ನೋಡುತ್ತಿದ್ದ, ಅಷ್ಟೆ. ನೆಟ್ಟಗೆ ನೋಡಿದರೆ ಒಳ್ಳೆ ಹಾಲು. ಮುಖ ತಿರುಗಿಸಿ ಸೆರಗು ಮುಚ್ಚಿಕೊಂಡರೆ ಕಳ್ಳ ಮನಸ್ಸು, ವಾಪಸ್!

ಹೀಗೇ ನಡೀತಿತ್ತು. ಆದರೆ ಹೊಸ ಸೂಪರ್‌ವೈಸರ್ ಮುನಿಸ್ವಾಮಪ್ಪ ಒಂದು ಬಾಂಬ್ ಹಾಕಿದರು. ಮುಂದಿನ ತಿಂಗಳು ಟೆಸ್ಟರಿಗೇ ಟೆಸ್ಟು! ಕಣ್ಣು ಕಟ್ಟಿ ಮೂಸಬೇಕು. ತಪ್ಪಿದರೆ ಕುರ್ಚಿ ಇನ್ನೊಬ್ಬರಿಗೆ. ಮುನಿರಾಜು ಸೀದಾ ರಾಬರ್ಟ್‌ಸನ್‌ಪೇಟೆಗೆ, ಡಾಕ್ಟರ್ ತ್ರಿವೇಣಿ ಹತ್ತಿರ ಓಡಿದ.

ಅವರು ಸ್ಕ್ಯಾನ್ ನೋಡಿ, ಮೂಗಿನೊಳಗೆ ಸಣ್ಣ ಕ್ಯಾಮೆರಾ ಇಳಿಸಿ ನೋಡಿದರು. "ಗಡ್ಡೆ ಏನಿಲ್ಲ. ಸೈನಸ್ಸಿನ ಬಾಯಿ ಕಿರಿದಾಗಿದೆ. ಉಪ್ಪುನೀರು, ಸ್ಪ್ರೇ ಎಲ್ಲ ಮಾಡಿ ಆಯ್ತಲ್ಲ? ಬಲೂನ್ ಹಾಕಬಹುದು."

"ಬಲೂನಾ! ಯಾವ ಬಣ್ಣದ್ದು ಮೇಡಂ?"

"ಬಣ್ಣ ಕಟ್ಕೊಂಡು ಏನ್ ಮಾಡ್ತೀರಿ? ಕಡಲೆಕಾಳಿನಷ್ಟು ಉಬ್ಬುತ್ತೆ."

"ಊದೋರ್ಯಾರು?"

"ಊದಲ್ಲ, ನೀರು ತುಂಬಿಸ್ತೀವಿ. ಕೆಲವೇ ಸೆಕೆಂಡು. ಬಾಯಿ ಅಗಲ ಆದ್ಮೇಲೆ ಬಲೂನ್ ಹೊರಗೆ ತೆಗೀತೀವಿ. ಕುಯ್ಯೋದಿಲ್ಲ, ಹೊಲಿಯೋದಿಲ್ಲ."

"ಡೈನಮೈಟ್ ಇಲ್ದೆ ಸುರಂಗ ಅಗಲ ಮಾಡ್ತೀರಾ! ನಮ್ಮಪ್ಪ ಚಾಂಪಿಯನ್ ರೀಫ್ಸ್ ಚಿನ್ನದ ಗಣೀಲಿ ಮೂವತ್ತು ವರ್ಷ ಶಾಫ್ಟ್ ಇಳ್ದೋನು, ಅವ್ನಿಗೂ ಗೊತ್ತಿರ್ಲಿಲ್ಲ ಈ ವಿದ್ಯೆ. ಒಳಗೆ ಬಂಗಾರ ಸಿಕ್ರೆ?"

"ಅರ್ಧ ನನಗೆ. ಈಗ ಬಾಯಿ ಮುಚ್ಚಿ. ವಾಸನೆ ನಿಧಾನವಾಗಿ ಬರಬಹುದು, ಗ್ಯಾರಂಟಿ ಮಾತ್ರ ಕೇಳಬೇಡಿ."

ಬಲೂನ್ ಆಯಿತು. ಉಸಿರು ಸರಾಗವಾಯಿತು. ವಾಸನೆ ಮಾತ್ರ ಮೂರು ವಾರ ಕಳೆದರೂ ಪತ್ತೆಯಿಲ್ಲ.

ಟೆಸ್ಟಿನ ದಿನ ಬೆಳಿಗ್ಗೆ ಎದ್ದರೆ, ಆಹಾ! ಮೂಗಿಗೆ ಏನೋ ನಾತ ಬಡಿಯಿತು! ಮುನಿರಾಜು ಕುಣಿದಾಡಿಬಿಟ್ಟ. ಕೊಟ್ಟಿಗೆ ನಾತ ಇರಬೇಕು ಅಂದುಕೊಂಡ. ಬೀದಿಗೆ ಬಂದ, ಅಲ್ಲೂ ಅದೇ ನಾತ. ಡೇರಿಗೆ ಬಂದ, ಅಲ್ಲೂ! ಅಯ್ಯೋ, ಎಂಟು ವರ್ಷದಲ್ಲಿ ಊರು ಇಷ್ಟೊಂದು ಕೆಟ್ಟೋಯ್ತಾ ಎಂದು ಮರುಗಿದ.

ಡೇರಿ ಮುಂದೆ ಊರೇ ಸೇರಿತ್ತು. "ಕಣ್ಣಿಗೆ ಒಂದು ಬಟ್ಟೆ ಕೊಡ್ರಪ್ಪ," ಎಂದರು ಮುನಿಸ್ವಾಮಪ್ಪ. ಸಾಲಿನಲ್ಲಿ ಮೊದಲು ನಿಂತಿದ್ದ ಪಾಪಕ್ಕ ಅವನ ಕತ್ತಿನ ಮಫ್ಲರನ್ನೇ ಎಳೆದು ಕಣ್ಣಿಗೆ ಬಿಗಿದಳು. ಅದು ಜಾರಿ ಮೂಗಿನ ಮೇಲೆ ಕೂತಿತು.

ಮೊದಲ ಕ್ಯಾನು. "ಥೂ! ವಾಪಸ್!"

ಎರಡನೆಯದು. "ವ್ಯಾಕ್! ವಾಪಸ್!"

ಮೂರು, ನಾಲ್ಕು, ಐದು, ಎಲ್ಲ ವಾಪಸ್! ಆರನೆಯದನ್ನು ಆಚೆ ದೂಡಿ, "ಯಾವ ಮನೆಹಾಳ್ರ ಕ್ಯಾನು ಇದು? ಇದ್ರಲ್ಲಿ ಎಗ್ಣ ಸತ್ತೈತೆ!" ಎಂದು ಕೂಗಿದ.

"ನಮ್ದೇ ಕಣಯ್ಯ!" ಶ್ಯಾಮಲಳ ಗುಡುಗು.

ಮುನಿಸ್ವಾಮಪ್ಪ ಆರೂ ಕ್ಯಾನು ಮೂಸಿದರು. ಒಂದರಲ್ಲಿ ಮಾತ್ರ ಹುಳಿ, ಅದನ್ನು ಅವರೇ ಬೇಕೆಂದು ತಂದಿದ್ದರು. ಉಳಿದದ್ದೆಲ್ಲ ಈಗ ತಾನೇ ಕರೆದ ಹಾಲು. ಆಮೇಲೆ ಮುನಿರಾಜು ಹತ್ತಿರ ಬಗ್ಗಿದವರು ಎರಡು ಹೆಜ್ಜೆ ಹಿಂದಕ್ಕೆ ಹಾರಿದರು. "ಮೂಗು ಪಾಸಪ್ಪ. ಮಫ್ಲರ್ ವಾಪಸ್!"

ಮುನಿರಾಜು ಪಟ್ಟಿ ಕಿತ್ತು ಒಮ್ಮೆ ಮೂಸಿದ. ಮುಖ ಬದನೆಕಾಯಿ ಆಯಿತು.

"ಎಂಟು ವರ್ಷದಿಂದ ನಾವು ಮಖ ತಿರುಗಿಸ್ತಿದ್ದಿದ್ದು ಇದುಕ್ಕೆ ಕಣ್ಲಾ!" ಪಾಪಕ್ಕ ಸೊಂಟಕ್ಕೆ ಕೈ ಕೊಟ್ಟಳು. "ಮರ್ಯಾದೆಗೆ ಬಾಯಿ ಬಿಡ್ಲಿಲ್ಲ. ನೀನು ನೋಡಿದ್ರೆ ನನ್ನ ಆಲೇ ವಾಪಸ್ ಮಾಡ್ದೆ!"

ಕುರ್ಚಿ ಉಳಿಯಿತು. ಮಫ್ಲರ್ ಹೊಂಗೆ ಮರದ ಬುಡದಲ್ಲಿ ಸಮಾಧಿಯಾಯಿತು. ಮಾರನೇ ಬೆಳಿಗ್ಗೆ ಮುನಿರಾಜು ಸ್ನಾನ ಮಾಡಿ, ಪೌಡರ್ ಬಳಿದುಕೊಂಡು ಬಂದರೆ ಡೇರಿ ಬಾಗಿಲಿಗೆ ಅಡ್ಡಲಾಗಿ ಪಾಪಕ್ಕ ನಿಂತಿದ್ದಾಳೆ! ಹಿಂದೆ ಊರಿನ ಸಾಲು. ಅವಳು ಅವನ ಕತ್ತಿನ ಹತ್ತಿರ ಬಗ್ಗಿ ಉದ್ದಕ್ಕೆ ಉಸಿರೆಳೆದು, ಒಂದು ಗಳಿಗೆ ಯೋಚಿಸಿ, ತೀರ್ಪು ಕೊಟ್ಟಳು.

"ಊಂ, ಪಾಸು. ಒಳಕ್ಕೋಗು."