ದೇವರ ಬಂದೂಕಿಗೆ ಬಾಯಿಕುಕ್ಕೆ

ನಾನು ನಿಂತಿದ್ದು ಬೈಲಹೊಂಗಲದಲ್ಲಿ, ವಕೀಲ ಬಾಪುರಾಯರ ಮನೆಯ ಕಟ್ಟೆಯ ಮೇಲೆ, ಒಳಗೆ ಹೋಗುವಾಗ ಎಡಕ್ಕೆ ಸಿಗುವ ಕಂಬಕ್ಕೆ ಬೆನ್ನು ಕೊಟ್ಟು. ಮಧ್ಯಾಹ್ನದ ಊಟವಾಗಿತ್ತು. ಜರ್ಮನಿಯವರ ದೊಡ್ಡ ಯುದ್ಧ ಇನ್ನೂ ಸುರುವಾಗಿರಲಿಲ್ಲ. ಇಷ್ಟು ಬಿಡಿಸಿ ಹೇಳುವುದಕ್ಕೆ ಕಾರಣವಿದೆ. ಸಾಕ್ಷಿ ಹೇಳುವವನು ಅವಸರ ಮಾಡಬಾರದು, ಕೇಳಿದ್ದನ್ನು ಕಂಡೆ ಎನ್ನಬಾರದು ಎಂಬುದು ನನ್ನ ನಂಬಿಕೆ. ಕಂಬದ ಪಕ್ಕದಲ್ಲಿ ನಾನು ಕಂಡದ್ದು ನಮ್ಮೂರ ಗೌಡರು ಚಾಪೆಯಿಂದ ಎದ್ದು ನಿಂತದ್ದು. ಕೇಳಿದ್ದು ಅದಕ್ಕೂ ಮೊದಲು ವಕೀಲರು ಓದಿದ ಒಂದು ಸಾಲು: ‘ಶ್ರೀ ಬಸವಣ್ಣ ದೇವರು, ಅಜ್ಞಾನ, ಇವರ ಪರವಾಗಿ ಪಂಚರು.’

“ಏನಂದ್ರಿ ರಾಯರ? ನಮ್ಮ ಬಸವಣ್ಣ ಅಜ್ಞಾನಿ ಏನ್ರಿ?” ಎಂದು ಗೌಡರು ಕೇಳಿದರು.

“ಅಜ್ಞಾನಿ ಅಲ್ರಿ ಗೌಡ್ರ, ಅಜ್ಞಾನ. ಕೋರ್ಟಿನ ಮಾತಿನ್ಯಾಗ ಅಜ್ಞಾನ ಅಂದ್ರ ಇನ್ನೂ ವಯಸ್ಸಿಗೆ ಬರಲಾರದ ಹುಡುಗ.”

“ಹಂಗಾದ್ರ ಇನ್ನೂ ಕೆಟ್ಟಾತು. ನಮ್ಮ ಮುತ್ತ್ಯಾನ ಮುತ್ತ್ಯಾ ಕೈ ಮುಗಿದ ದೇವರು ನಿಮಗ ಹುಡುಗ ಆದನೇನು?”

ವಕೀಲರು ಸಿಟ್ಟಾಗಲಿಲ್ಲ. ದೇವರು ಕಚೇರಿಗೆ ನಡೆದು ಬರುವುದಿಲ್ಲ, ಸಹಿ ಮಾಡುವುದಿಲ್ಲ, ಕರೆದರೆ ಓ ಅನ್ನುವುದಿಲ್ಲ. ಆದ್ದರಿಂದ ಕಾಯಿದೆ ಆತನನ್ನು ಸಣ್ಣ ಹುಡುಗನಂತೆ ನೋಡಿ, ಆತನ ಸ್ವತ್ತು ಕಾಯುವುದಕ್ಕೆ ಬುದ್ಧಿ ಬಲಿತ ಸಜ್ಞಾನರನ್ನು ನೇಮಿಸುತ್ತದೆ ಎಂದು ತಿಳಿಸಿದರು. ಆ ಸಜ್ಞಾನರು ಯಾರು ಎಂದು ಗೌಡರು ಕೇಳಿದರು. ನೀವೇ ಎಂದರು ವಕೀಲರು. ಗೌಡರು ಕುಳಿತರು.

ಆ ಸ್ವತ್ತು ಬಂದೂಕಾಗಿತ್ತು. ಗೌಡರ ತಂದೆಯ ಕಾಲದ್ದು. ಬಾಯಿಂದ ಮದ್ದು ಸುರಿದು, ಚಿಂದಿ ತುರುಕಿ, ಗಜದಿಂದ ಜಡಿದು, ಮೇಲೆ ಸೀಸದ ಚರೆ ಹಾಕಿ ಹೊಡೆಯುವಂಥದು. ಚಚಡಿಯಿಂದಾಚೆ ಇರುವ ನಮ್ಮ ಹಳ್ಳಿಗೆ ಜೋಳ ಹಾಲ್ದೆನೆಯಾದ ಕೂಡಲೇ ಗುಡ್ಡದ ಹಂದಿಗಳು ಇಳಿದು ಬರುತ್ತವೆ. ಗೌಡರ ಬಂದೂಕಿನಿಂದ ಸತ್ತ ಹಂದಿಯನ್ನು ನಾನು ಕಂಡಿಲ್ಲ. ಆದರೆ ಅದರ ಸದ್ದಿಗೆ ಹಂದಿಗಳು ಓಡುತ್ತಿದ್ದವು. ತೊಂದರೆ ಏನೆಂದರೆ, ಗೌಡರ ಹೊಲ ನಮ್ಮ ಹಿತ್ತಲಿಗೆ ಹೊಂದಿದೆ. ಹಿತ್ತಲಲ್ಲಿ ನನ್ನ ಹೆಂಡತಿ ನೀಲವ್ವನ ಎಮ್ಮೆ ಇತ್ತು. ಎಮ್ಮೆ ಅವಳದು ಎಂದು ಬೇಕೆಂದೇ ಹೇಳುತ್ತಿದ್ದೇನೆ. ಕಿತ್ತೂರಿನ ತವರಿನಿಂದ ಅವಳ ಜೊತೆ ಬಂದದ್ದು. ಮನೆಯಲ್ಲಿ ನನಗಿಂತ ಅದಕ್ಕೆ ಮೊದಲು ಮೇವು ಬೀಳುತ್ತಿತ್ತು. ಹಂದಿ ಬರುವ ಹೊತ್ತೂ ಹಿಂಡುವ ಹೊತ್ತೂ ಒಂದೇ. ಬಂದೂಕು ಹಾರಿದ ಕೂಡಲೇ ಎಮ್ಮೆ ಇಳಿಸಿದ್ದ ಹಾಲನ್ನು ಮತ್ತೆ ಮೇಲಕ್ಕೆ ಏರಿಸಿಕೊಂಡು, ಕಾಲು ಝಾಡಿಸಿ, ಚರಿಗೆ ಉರುಳಿಸಿ ನಿಲ್ಲುತ್ತಿತ್ತು. ಒಂದು ಸಂಜೆ ಬರಿಯ ಚರಿಗೆ ಹಿಡಿದುಕೊಂಡು ಒಳಗೆ ಬಂದ ನೀಲವ್ವ ದನಿ ಏರಿಸದೆ ಹೇಳಿದಳು:

“ನೋಡ್ರಿ, ಆ ಬಂದೂಕಿನ ಬಾಯರ ಮುಚ್ಚಸ್ರಿ, ಇಲ್ಲಾ ನಾ ಎಮ್ಮಿ ಹೊಡಕೊಂಡು ಕಿತ್ತೂರಿಗೆ ಹೋಗತೇನಿ. ನೀವು ಹಂದಿ ಜೋಡಿ ಸಂಸಾರ ಮಾಡ್ರಿ.”

ದನಿ ಏರಿಸದೆ ಹೇಳಿದ್ದನ್ನು ನೀಲವ್ವ ಮಾಡದೆ ಬಿಟ್ಟದ್ದಿಲ್ಲ. ನಾನು ರಾತ್ರಿಯೆಲ್ಲ ಯೋಚಿಸಿದೆ. ಬಂದೂಕು ಹಾರಿದರೆ ಹೆಂಡತಿ ಹೋಗುತ್ತಾಳೆ, ಹಾರದಿದ್ದರೆ ಜೋಳ ಹೋಗುತ್ತದೆ. ಹೆಂಡತಿ ಇಲ್ಲದ ಮನೆಯಲ್ಲಿ ಜೋಳವಿದ್ದರೂ ರೊಟ್ಟಿ ಬಡಿಯುವವರು ಯಾರು? ಜೋಳವಿಲ್ಲದ ಮನೆಯಲ್ಲಿ ಹೆಂಡತಿ ಇದ್ದರೆ ಆಕೆ ಬಡಿಯುವುದು ಯಾರನ್ನು? ಎರಡನೆಯ ಪ್ರಶ್ನೆಗೆ ಉತ್ತರ ಹೊಳೆದದ್ದರಿಂದ ನಿದ್ದೆ ಬರಲಿಲ್ಲ.

ದಾರಿ ತೋರಿಸಿದವರು ರಾಮದುರ್ಗದ ರಾಚಪ್ಪಶೆಟ್ಟರು. ಅರಳೆಯ ವ್ಯಾಪಾರಕ್ಕೆ ಮುಂಬಯಿಗೆ ಹೋಗಿ ಬರುವವರು. ನಮ್ಮ ಬಸವಣ್ಣನ ಒಕ್ಕಲಾದ್ದರಿಂದ ಗುಡಿಯ ಪಂಚರಲ್ಲಿ ಒಬ್ಬರು. ಮುಂಬಯಿಯ ಅಂಗಡಿಯೊಂದರಲ್ಲಿ ಬಂದೂಕಿನ ಮೂತಿಗೆ ತೊಡಿಸುವ ಕಬ್ಬಿಣದ ನಳಿಗೆಯೊಂದನ್ನು ಅವರು ಕಂಡಿದ್ದರಂತೆ. ಅದನ್ನು ತೊಡಿಸಿದರೆ ಗುಂಡು ಹಾರಿದ ಸದ್ದು ಬೆಕ್ಕು ಸೀನಿದಷ್ಟು ಮಾತ್ರವಂತೆ. ಸದ್ದಿಲ್ಲದೆ ಹಂದಿ ಓಡುವುದು ಹೇಗೆ ಎಂದು ಆಗ ಯಾರೂ ಕೇಳಲಿಲ್ಲ. ನಾನಂತೂ ಎಮ್ಮೆಯ ಕಡೆಯಿಂದಲೇ ಯೋಚಿಸುತ್ತಿದ್ದೆ. ಕಣದಲ್ಲಿ ಎತ್ತಿನ ಬಾಯಿಗೆ ಕಟ್ಟುವ ಕುಕ್ಕೆಯ ನೆನಪಿನಿಂದ ಗೌಡರು ಅದಕ್ಕೆ ಬಾಯಿಕುಕ್ಕೆ ಎಂದು ಹೆಸರಿಟ್ಟರು.

ಆದರೆ ಬಂದೂಕಿನ ಪರವಾನಗಿ ಗೌಡರೊಬ್ಬರ ಹೆಸರಿನಲ್ಲಿತ್ತು. ಅವರು ಪರಊರಿಗೆ ಹೋದರೆ ಅದನ್ನು ಬೇರೆ ಯಾರೂ ಮುಟ್ಟುವಂತಿರಲಿಲ್ಲ. ಬಾಯಿಕುಕ್ಕೆಗೂ ಪರವಾನಗಿ ಬೇಕೆಂದರು. ಎರಡನ್ನೂ ದೇವರಿಗೆ ಬಿಟ್ಟು ಟ್ರಸ್ಟು ಮಾಡಿದರೆ ಪಂಚರಲ್ಲಿ ಯಾರು ಬೇಕಾದರೂ ಹೊಡೆಯಬಹುದು, ಗೌಡರು ಸತ್ತರೂ ಬಂದೂಕು ಸರಕಾರಕ್ಕೆ ಹೋಗುವುದಿಲ್ಲ ಎಂದು ವಕೀಲರ ಸಲಹೆ. ಪಂಚರು ನಾವು ನಾಲ್ವರು: ಗೌಡರು, ಶೆಟ್ಟರು, ಪೂಜಾರಿ ಮಹಾಂತಯ್ಯ, ನಾನು. ಐದನೆಯವನು ಬಸವಣ್ಣನೇ ಎಂದು ಗೌಡರ ಲೆಕ್ಕ. ಕಾಯಿದೆ ಒಪ್ಪದ ಆ ಐದನೆಯವನನ್ನು ಬಿಟ್ಟು ನಾವು ನಾಲ್ವರು ಸವದತ್ತಿಯ ಕಚೇರಿಗೆ ಹೋದೆವು.

ಅಲ್ಲಿ ನಾನು ನಿಂತಿದ್ದು ಶಿರಸ್ತೇದಾರರ ಮೇಜಿನ ಎದುರು, ಶೆಟ್ಟರ ಹಿಂದೆ. ಶಿರಸ್ತೇದಾರರು ಅರ್ಜಿ ಓದಿ ಕನ್ನಡಕದ ಮೇಲಿಂದ ನೋಡಿದರು. ಸದ್ದಿಲ್ಲದ ಬಂದೂಕು ಕಳ್ಳರಿಗೆ ಬೇಕು, ನಿಮಗೇಕೆ ಎಂದರು. ಗೌಡರು ನನ್ನತ್ತ ನೋಡಿದರು. ಎಮ್ಮೆಯ ಸಲುವಾಗಿ ಎಂದೆ. ಎಮ್ಮೆ ಬಂದೂಕು ಹೊಡೆಯುತ್ತದೆಯೇ ಎಂದು ಕೇಳಿದರು. ಇಲ್ಲ, ಹೊಡೆದರೆ ಹಾಲು ಕೊಡುವುದಿಲ್ಲ ಎಂದೆ. ಅದನ್ನು ಅವರು ಬೇರೆ ಅರ್ಥದಲ್ಲಿ ತೆಗೆದುಕೊಂಡು, ಮೂಕ ಪ್ರಾಣಿಯನ್ನು ಹೊಡೆಯಬಾರದು ಎಂದು ಬುದ್ಧಿ ಹೇಳಿದರು. ಆಮೇಲೆ ಶೆಟ್ಟರ ಸರದಿ. ರಾಮದುರ್ಗ ಬೇರೆ ಸಂಸ್ಥಾನ. ಪರರಾಜ್ಯದವರ ಕೈಗೆ ಇಲ್ಲಿಯ ಬಂದೂಕು ಕೊಡುವುದು ಹೇಗೆ? ಸಂಸ್ಥಾನದಿಂದ ಒಳ್ಳೆಯ ನಡತೆಯ ಪತ್ರ ತರಬೇಕೆಂದಾಯಿತು. ಬಂದೂಕಿನ ಮಾಲಕರ ತಂದೆಯ ಹೆಸರಿನ ಜಾಗ ಖಾಲಿ ಬಿಟ್ಟಿದ್ದು ಏಕೆಂದರು. ಮಾಲಕರಿಗೆ ತಂದೆ ಇಲ್ಲ, ಅವರು ಕಲ್ಲಿನವರು ಎಂದರು ಗೌಡರು. ಶಿರಸ್ತೇದಾರರು ನಗಲಿಲ್ಲ.

“ಇರಲಿ. ಈ ಅಜ್ಞಾನ ಮಾಲಕರನ್ನ ಖುದ್ದ ಬಲ್ಲವರು ಯಾರದೀರಿ?”

ಮಹಾಂತಯ್ಯ ಮುಂದೆ ಬಂದು ಕೈ ಮುಗಿದರು. “ನಾನ್ರಿ. ದಿನಾ ಮುಂಜಾನಿ ಜಳಕಾ ಮಾಡಸ್ತೇನ್ರಿ.”

ಸಣ್ಣ ಹುಡುಗನಾದ್ದರಿಂದ ಇದು ಶಿರಸ್ತೇದಾರರಿಗೆ ಸರಿ ಎನಿಸಿತು. ಬರೆದುಕೊಂಡರು. ನಾಲ್ವರ ಹೆಬ್ಬೆಟ್ಟೂ ಒತ್ತಿಸಿಕೊಂಡರು. ನನಗೆ ಸಹಿ ಬರುತ್ತದೆ ಎಂದರೂ ಬಿಡಲಿಲ್ಲ. ಹುಕುಮು ಬರುವತನಕ ಬಂದೂಕನ್ನು ಕಚೇರಿಯಲ್ಲೇ ಇಟ್ಟುಕೊಂಡರು.

ಹುಕುಮು ಬರುವಷ್ಟರಲ್ಲಿ ಆ ವರ್ಷದ ಜೋಳದ ತೆನೆಗಳನ್ನು ಹಂದಿಗಳು ನಿಶ್ಚಿಂತೆಯಿಂದ ತಿಂದವು. ಎಮ್ಮೆ ನಿಶ್ಚಿಂತೆಯಿಂದ ಹಾಲು ಕೊಟ್ಟಿತು. ನೀಲವ್ವ ನನ್ನೊಡನೆ ನಕ್ಕು ಮಾತಾಡಿದಳು. ಈಗ ಯೋಚಿಸಿದರೆ, ಸರಕಾರದ ತಡದಿಂದ ಅಷ್ಟು ಸುಖಪಟ್ಟವನು ಆ ತಾಲೂಕಿನಲ್ಲಿ ಇನ್ನೊಬ್ಬನಿರಲಾರ.

ಮುಂದಿನ ವರ್ಷ ಜೋಳ ಹಾಲ್ದೆನೆಯಾಗುವ ಹೊತ್ತಿಗೆ ಬಂದೂಕೂ ಬಂತು, ಮುಂಬಯಿಯಿಂದ ಬಾಯಿಕುಕ್ಕೆಯೂ ಬಂತು. ನೋಡಲು ಹಾಲಿನ ಸಣ್ಣ ಗಿಂಡಿಯಂತಿತ್ತು. ಅದರ ತಿರುವು ನಮ್ಮ ಬಂದೂಕಿನ ಮೂತಿಗೆ ಹೊಂದಲಿಲ್ಲ. ಗೌಡರು ಬೆಲ್ಲ ಸುಣ್ಣ ಕಲಸಿ ಹಚ್ಚಿ, ಸಣಬಿನ ಹುರಿಯಿಂದ ಬಿಗಿದರು. ಒಣಗಿದ ಮೇಲೆ ಮದ್ದು ತುಂಬಲು ಹೋದರೆ ತುಂಬುವ ಬಾಯಿಯೇ ಮುಚ್ಚಿತ್ತು. ಬಿಚ್ಚಿ, ಮೊದಲು ಮದ್ದು ತುಂಬಿ, ಮತ್ತೆ ಬೆಲ್ಲ ಸುಣ್ಣ ಹಚ್ಚಿದರು. ಅಂದರೆ ಒಂದು ಹೊಡೆತಕ್ಕೆ ಒಂದು ದಿನದ ಒಣಗುವಿಕೆ. ಹಂದಿಗಳು ದಿನಕ್ಕೊಂದೇ ಸಲ ಬರುತ್ತವಲ್ಲ ಎಂದು ಗೌಡರು ಸಮಾಧಾನ ಹೇಳಿದರು. ಬೆಲ್ಲಕ್ಕೆ ಇರುವೆಗಳು ಸಾಲುಗಟ್ಟಿ ಹತ್ತಿದ್ದವು. ಅವು ಬಂದೂಕಿನ ಒಳಗೆ ಹೋದದ್ದನ್ನು ಕಂಡೆ, ಹೊರಗೆ ಬಂದದ್ದನ್ನು ಕಾಣಲಿಲ್ಲ.

ಅಜ್ಞಾನನ ಸ್ವತ್ತನ್ನು ಮೊದಲ ಸಲ ಬಳಸುವಾಗ ಎಲ್ಲ ಪಂಚರೂ ಹಾಜರಿರಬೇಕೆಂದು ವಕೀಲರು ಬರೆದಿದ್ದರು. ಆದ್ದರಿಂದ ಹೊತ್ತು ಮುಳುಗುವಾಗ ನಾವು ನಾಲ್ವರೂ ನಮ್ಮ ಹಿತ್ತಲಿನಲ್ಲಿ ನಿಂತೆವು. ಎದುರಿಗೆ ಗೌಡರ ಹೊಲ, ಹೊಲದ ಬಲ ಮೂಲೆಗೆ ಬಸವಣ್ಣನ ಗುಡಿ. ಹಿಂದೆ ಬೇವಿನ ಕೆಳಗೆ ನೀಲವ್ವ ಎಮ್ಮೆ ಹಿಂಡುತ್ತಿದ್ದಳು. ಬೆಕ್ಕು ಸೀನಿದಷ್ಟೇ ಸದ್ದು ಎಂದು ಆಕೆಗೆ ನಾನು ಮಾತು ಕೊಟ್ಟಿದ್ದೆ. ಜೋಳ ಅಲುಗಾಡಿತು. ಹಂದಿಯೊಂದು ಹೊರಗೆ ಮೂತಿ ಹಾಕಿತು. ಗೌಡರು ಬಸವಣ್ಣನನ್ನು ನೆನೆದು, ಕಣ್ಣು ಮುಚ್ಚಿ ಹೊಡೆದರು.

ಸದ್ದು ಎಷ್ಟಾಯಿತೆಂದು ಹೇಳಲಾರೆ, ಏಕೆಂದರೆ ಅದರ ನಂತರ ಬಹಳ ಹೊತ್ತು ನನಗೆ ಏನೂ ಕೇಳಿಸಲಿಲ್ಲ. ಆ ಲೆಕ್ಕದಲ್ಲಿ ಬಾಯಿಕುಕ್ಕೆ ಕೆಲಸವನ್ನೇ ಮಾಡಲಿಲ್ಲ ಎಂದು ಪ್ರಮಾಣ ಮಾಡಲು ಬರುವುದಿಲ್ಲ. ಕಂಡದ್ದನ್ನು ಹೇಳುತ್ತೇನೆ. ಬಾಯಿಕುಕ್ಕೆ ಹುರಿ ಹರಿದುಕೊಂಡು ಹೊಲದ ಮೇಲೆ ಹಾರಿ, ಬಲಕ್ಕೆ ತಿರುಗಿ, ಗುಡಿಯ ಗಂಟೆಗೆ ಬಡಿಯಿತು. ಗಂಟೆ ಬಾರಿಸಿದ್ದು ಕೇಳಲಿಲ್ಲ. ಅದು ತೂಗುತ್ತಿದ್ದುದನ್ನು ಕಂಡೆ. ಮಹಾಂತಯ್ಯ ಅಲ್ಲಿಂದಲೇ ಕೈ ಮುಗಿದರು. ಗೌಡರ ಮೀಸೆಯ ಬಲಭಾಗ ಹೊಗೆಯಾಡುತ್ತಿತ್ತು. ಹಂದಿ ನಮ್ಮನ್ನು ಒಬ್ಬೊಬ್ಬರನ್ನಾಗಿ ನೋಡಿ ನಡೆದುಕೊಂಡು ಹೋಯಿತು. ಎಮ್ಮೆ ಗೂಟ ಕಿತ್ತುಕೊಂಡು ಕಿತ್ತೂರಿನ ದಾರಿ ಹಿಡಿಯಿತು. ಅದರ ಹಿಂದೆ ನೀಲವ್ವ, ಕೈಯಲ್ಲಿ ಚರಿಗೆ. ಅವರನ್ನು ತಿರುಗಿಸಿ ತರಲೆಂದು ನಾನು ಅವರ ಹಿಂದೆ ಹೋದೆ.

ತಿರುಗಿಸಿ ತರಲು ಸುಗ್ಗಿ ಮುಗಿಯುವತನಕ ಬೇಕಾಯಿತು. ಬಂದೂಕನ್ನು ಸವದತ್ತಿಯ ಕಚೇರಿಗೆ ಒಪ್ಪಿಸಿದ ರಸೀತಿ ತೋರಿಸಿದ ಮೇಲೆಯೇ ನೀಲವ್ವ ಕಿತ್ತೂರಿನಿಂದ ಎಮ್ಮೆ ಬಿಚ್ಚಿದಳು.

ಇದನ್ನೆಲ್ಲ ಕಂಡವರಲ್ಲಿ ಗೌಡರು ಈಗಿಲ್ಲ. ಎಮ್ಮೆಯೂ ಇಲ್ಲ. ರಾಚಪ್ಪಶೆಟ್ಟರು ರಾಮದುರ್ಗದಲ್ಲಿದ್ದಾರೆ, ಅವರ ಎಡಗಿವಿಯಲ್ಲಿ ಕೇಳಬೇಕು, ಬಲಗಿವಿ ಅಂದಿನಿಂದ ಕೇಳಿಸದು. ಮಹಾಂತಯ್ಯ ಗುಡಿಯಲ್ಲೇ ಇದ್ದಾರೆ. ನೀಲವ್ವ ಒಳಗೆ ಮೊಸರು ಕಡೆಯುತ್ತಿದ್ದಾಳೆ. ಬರೆದದ್ದನ್ನೆಲ್ಲ ಅವಳಿಗೆ ಓದಿ ಹೇಳಿ, ಸರಿ ಇದೆಯೇ ಎಂದು ಕೇಳಿದೆ.

“ಎಲ್ಲಾ ಖರೆ ಐತಿ,” ಎಂದಳು. “ಎಮ್ಮಿ ಮುಂದ, ನೀವು ಹಿಂದ ಅಂತ ಬರದೀರಿ, ಅದೊಂದು ತಿದ್ದರಿ. ಎಮ್ಮಿ ಗೂಟ ಕೀಳೂದರಾಗ ನೀವು ಊರ ಬಾವಿ ದಾಟಿದ್ರಿ.”

ದಾರಿ ತೋರಿಸಲು ಮುಂದೆ ಹೋಗಿದ್ದೆ ಎಂದೆ.

“ಆಕಿಗೇನು ದಾರಿ ತೋರಸ್ತೀರಿ,” ಎಂದಳು ನೀಲವ್ವ, ಕಡೆಯುವ ಕೈ ನಿಲ್ಲಿಸದೆ. “ಆಕಿ ಹುಟ್ಟಿದ ಊರು ಕಿತ್ತೂರು.”