ಟಿವಿಗೆ ಬೆನ್ನು ಹಾಕಿದ ಭಾವ

ಕಳೆದ ಶುಕ್ರವಾರ ಸಂಜೆ ಮಂಗಫ್‌ನ ಫ್ಲ್ಯಾಟಿನಲ್ಲಿ ನನ್ನ ಭಾವ, ಅಂದರೆ ಅಕ್ಕನ ಗಂಡ, ಒಂದು ಹಳೆಯ ತೆಲುಗು ಹಾಸ್ಯಚಿತ್ರ ಹಾಕಿ, ಟಿವಿಗೆ ಬೆನ್ನು ಮಾಡಿ ಕೂತರು. ಇದರಲ್ಲಿ ಸುದ್ದಿಯೇನೂ ಇಲ್ಲ. ಇಡೀ ಕುವೈತಿನಲ್ಲಿ ಆ ಚಿತ್ರವನ್ನು ಅತಿ ಹೆಚ್ಚು ಸಲ ಹಾಕಿದವರೂ ಅವರೇ, ಅತಿ ಕಡಿಮೆ ನೋಡಿದವರೂ ಅವರೇ!

ತುಳು ಮನೆಮಾತಿನ ಭಾವನಿಗೆ ಈ ಗೀಳು ಹಿಡಿಸಿದ್ದು ರಿಫೈನರಿಗೆ ಹೋಗುವ ಕಂಪನಿ ಬಸ್ಸು. ಅದರಲ್ಲಿ ಆಂಧ್ರದವರೊಬ್ಬರು ಅರ್ಧ ಡೈಲಾಗ್ ಹೇಳಿದರೆ ಸಾಕು, ಉಳಿದರ್ಧ ಹಿಂದಿನ ಸೀಟಿನಿಂದ ಬರುತ್ತದೆ. ಚಿತ್ರ ತೆರೆಕಂಡಾಗ ಹುಟ್ಟಿಯೇ ಇರದ ಹುಡುಗರೂ ಹೇಳುತ್ತಾರೆ. ಮನೆಯಲ್ಲಿ ಇಂಗ್ಲಿಷಿನಲ್ಲೇ ಉತ್ತರಿಸುವ ಆ ಆಂಧ್ರದವರ ಮಕ್ಕಳು ಜಗಳಕ್ಕೆ ಮಾತ್ರ ಆ ಚಿತ್ರದ ತೆಲುಗನ್ನೇ ಬಳಸುತ್ತಾರಂತೆ. ಭಾವ ಮೊದಲು ನಕ್ಕರು, ಆಮೇಲೆ ತೆಲುಗು ಕಲಿತರು.

ಚಿತ್ರ ಬಾಯಿಪಾಠವಾದ ಮೇಲೆ ಅವರಿಗೆ ಬೇಕಾದದ್ದು ಅದನ್ನು ನೋಡದವರು. ಊರಿನಿಂದ ಹೊಸಬರು ಬಂದರೆ ಎಲ್ಲರೂ ಮೊದಲು ವಾಸದ ಪರವಾನಗಿ ವಿಚಾರಿಸಿ, "ಇಕಾಮಾ ಆಯ್ತಾ?" ಅನ್ನುತ್ತಾರೆ. ಭಾವ ಕೇಳುವುದು, "ಆ ಪಿಕ್ಚರ್ ನೋಡಿದ್ದೀರಾ?" ಇಲ್ಲವೆಂದರೆ ಶುಕ್ರವಾರ ಕೋಳಿ ಸುಕ್ಕ ಗ್ಯಾರಂಟಿ! ಬಂದವರನ್ನು ಸೋಫಾದಲ್ಲಿ ಕೂರಿಸಿ, ತಾವು ಎದುರಿಗೆ ಸ್ಟೂಲ್ ಹಾಕಿಕೊಂಡು ಅವರ ಮುಖ ನೋಡುತ್ತಾರೆ. ತೆಲುಗು ಬಾರದವರಿಗೆ ಜೋಕಿನ ಅರ್ಥ ಮೊದಲೇ ಹೇಳಿ, "ಈಗ ಬರ್ತದೆ, ನಗಲಿಕ್ಕೆ ರೆಡಿಯಾಗಿ" ಎನ್ನುತ್ತಾರೆ. ಕೆಳಗಿನ ದಿನಸಿ ಅಂಗಡಿಯ ಕಾಕ ಇಂಟರ್‌ವಲ್‌ಗೇ ಎದ್ದುಬಿಟ್ಟು ಹೇಳಿದರು:

"ಇಕಾಮಾದ ಮೆಡಿಕಲ್‌ನಲ್ಲೂ ನನ್ನನ್ನು ಯಾರೂ ಇಷ್ಟು ನೋಡ್ಲಿಲ್ಲ ಮಾರಾಯ್ರೆ!"

ಇಂಥ ಭಾವ ಕಳೆದ ತಿಂಗಳು ಇದ್ದಕ್ಕಿದ್ದಂತೆ ಚಿತ್ರದ ಮಾತೇ ಬಿಟ್ಟರು. ಅಕ್ಕ ವಿಸಿಟ್ ವೀಸಾದಲ್ಲಿ ಬಂದಿದ್ದಳು. ಮದುವೆಯಾದಾಗಿನಿಂದ ಅವರ ಸಂಸಾರವೆಲ್ಲ ನಡೆದದ್ದು ರಜೆಯಲ್ಲಿ, ಉಳಿದಂತೆ ಫೋನಿನಲ್ಲಿ. ಅವಳು ಆ ಚಿತ್ರ ನೋಡಿರಲಿಲ್ಲ.

"ತೋರಿಸಿ ಭಾವ" ಎಂದೆ.

"ಅವಳು ನಗದಿದ್ರೆ?"

"ನಗದಿದ್ರೆ ಎಂತ?"

"ಊರವರನ್ನೆಲ್ಲ ನಗಿಸಿದೆ. ನನ್ನ ಹೆಂಡತಿ ಎಂತಕ್ಕೆ ನಗ್ತಾಳೆ ಅಂತ ನನಗೇ ಗೊತ್ತಿಲ್ಲ ಮಾರಾಯ. ನೀನು ತಮ್ಮ ಅಲ್ವಾ, ಹೇಳು."

ನಾನು ಯೋಚಿಸಿದೆ. "ಸಣ್ಣವನಿರುವಾಗ ನಾನು ಬಿದ್ರೆ ನಗ್ತಿದ್ದಳು."

ಭಾವ ನನ್ನನ್ನು ನೋಡಿದ ರೀತಿಗೆ ನಾನು ಕುರ್ಚಿಯನ್ನು ಗಟ್ಟಿಯಾಗಿ ಹಿಡಿದುಕೊಂಡೆ!

ಕೊನೆಗೆ ಕಳೆದ ಶುಕ್ರವಾರ ಧೈರ್ಯ ಮಾಡಿದರು. ನಾನೂ ಇದ್ದೆ. ಕಂಪನಿ ಬಸ್ಸಿನವರೆಲ್ಲ ಬಿದ್ದು ಬಿದ್ದು ನಗುವ ದೃಶ್ಯ ಬಂತು, ಹೋಯಿತು. ಅಕ್ಕ ನಗಲಿಲ್ಲ. ಇನ್ನೊಂದು ಬಂತು. ಅಕ್ಕ ನೆಲಗಡಲೆ ಸುಲಿದಳು. ಭಾವನ ಮುಖ ನೋಡಲಾಗಲಿಲ್ಲ.

"ನೀವು ಹಾಗೆ ನನ್ನನ್ನೇ ನೋಡಿದ್ರೆ ನಾನು ಪಿಕ್ಚರ್ ನೋಡುವುದು ಹೇಗೆ? ಈಚೆ ಬನ್ನಿ" ಎಂದು ಅಕ್ಕ ಪಕ್ಕದ ಜಾಗ ತಟ್ಟಿದಳು. ಭಾವ ಹೋಗಿ ಕೂತರು.

ಚಿತ್ರದಲ್ಲಿ ಆಫೀಸಿನ ಫೋನ್ ರಿಂಗಾಯಿತು. ಮೂಲೆಯಲ್ಲಿದ್ದ ಗುಮಾಸ್ತ, ಹೆಂಡತಿಯ ಫೋನ್ ಎಂದು ಗೊತ್ತಾಗಿ, ರಿಸೀವರ್ ಹಿಡಿಯುವ ಮೊದಲು ಗಡಿಬಿಡಿಯಲ್ಲಿ ತಲೆ ಬಾಚಿಕೊಂಡ. ಅಕ್ಕ ಫಕ್ಕನೆ ನಕ್ಕಳು. ನಗು ನಿಲ್ಲಲೇ ಇಲ್ಲ.

"ಇಲ್ಲಿ ಯಾರೂ ನಗುವುದಿಲ್ಲ!" ಎಂದರು ಭಾವ, ಗಾಬರಿಯಿಂದ.

"ನೀವೂ ಹೀಗೇ ಅಲ್ವಾ? ದಿನಾ ವಿಡಿಯೋ ಕಾಲ್ ಮಾಡುವಾಗ ಬಾಚಣಿಗೆ ಕೆಳಗಿಡ್ಲಿಕ್ಕೆ ಮರೆತಿರ್ತೀರಿ."

ಭಾವ ರಿಮೋಟ್ ತೆಗೆದುಕೊಂಡು ದೃಶ್ಯವನ್ನು ಹಿಂದಕ್ಕೆ ಹಾಕಿದರು. ಅಕ್ಕ ಮತ್ತೆ ನಕ್ಕಳು. ಮತ್ತೆ ಹಾಕಿದರು.

ಅಕ್ಕನ ವೀಸಾ ಮುಂದಿನ ವಾರ ಮುಗಿಯುತ್ತದೆ. ಚಿತ್ರ ಇನ್ನೂ ಅಲ್ಲಿಂದ ಮುಂದೆ ಹೋಗಿಲ್ಲ.